ಅಪ್‌ಡೇಟ್: ಅಂಚು ದಾಟುತ್ತಿದ್ದ ಸಮೀಕರಣ ಸಾಲಿಗೆ ಬಂದಿದೆ

ಗಣಿತ ಬರಹಗಳನ್ನು ಅಚ್ಚಿಗೆ ಜೋಡಿಸುವ ತಂತ್ರಾಂಶವಾದ ಲೇಟೆಕ್‌ನಲ್ಲಿ ಉದ್ದದ ಸಮೀಕರಣವೊಂದು ಪುಟದ ಬಲ ಅಂಚನ್ನು ದಾಟುತ್ತಿದೆ, ಒಂದೇ ಕ್ರಮಸಂಖ್ಯೆ ಉಳಿಸಿಕೊಂಡು ಅದನ್ನು ಮುರಿಯುವುದು ಹೇಗೆ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಮನಃಪೂರ್ವಕ ಧನ್ಯವಾದಗಳು, ಕೆಲಸ ಆಗಿದೆ.

ಗಣಿತ ಬರಹಕ್ಕೆ ಹೆಚ್ಚುವರಿ ಆದೇಶಗಳನ್ನು ಕೊಡುವ ಆಮ್ಸ್‌ಮ್ಯಾತ್ ಪ್ಯಾಕೇಜ್ ಸೇರಿಸಿ, ಸಮೀಕರಣಕ್ಕೆ ಒಂದೇ ಸಂಖ್ಯೆ ಕೊಡುವ ‘ಈಕ್ವೇಶನ್’ ಒಳಗೆ ಸಾಲು ಮುರಿಯುವ ‘ಸ್ಪ್ಲಿಟ್’ ಬಳಸಿದೆ. ‘ಅಲೈನ್’ನಲ್ಲಿ ಪ್ರತಿ ಸಾಲಿಗೂ ಸಂಖ್ಯೆ ಬೀಳುತ್ತದೆ. ‘ಮಲ್ಟ್‌ಲೈನ್’ ಮೊದಲ ಸಾಲನ್ನು ಎಡಕ್ಕೂ ಕೊನೆಯದನ್ನು ಬಲಕ್ಕೂ ತಳ್ಳುತ್ತದೆ. ಸಮಚಿಹ್ನೆಯ ನೇರಕ್ಕೆ ಸಾಲುಗಳು ನಿಲ್ಲಬೇಕಾದ ನನ್ನ ಸಮೀಕರಣಕ್ಕೆ ಅದು ಒಗ್ಗಲಿಲ್ಲ.

ನಿಜವಾದ ತೊಡಕು ಇದ್ದದ್ದು ಆವರಣಗಳಲ್ಲಿ. ‘ಲೆಫ್ಟ್’ ಆದೇಶದಿಂದ ತೆರೆದದ್ದನ್ನು ಅದೇ ಸಾಲಿನಲ್ಲಿ ‘ರೈಟ್’ನಿಂದ ಮುಚ್ಚಲೇಬೇಕು, ನಡುವೆ ಸಾಲು ಮುರಿದರೆ ದೋಷಸಂದೇಶ ಖಚಿತ. ಸಾಲಿನ ಕೊನೆಗೆ ‘ರೈಟ್’ ಮತ್ತು ಒಂದು ಚುಕ್ಕೆ, ಮುಂದಿನ ಸಾಲಿನ ಆರಂಭಕ್ಕೆ ‘ಲೆಫ್ಟ್’ ಮತ್ತು ಒಂದು ಚುಕ್ಕೆ ಹಾಕಿದರೆ ದೋಷವೇನೋ ಹೋಗುತ್ತದೆ. ಆದರೆ ಪ್ರತಿ ಸಾಲೂ ತನ್ನೊಳಗಿನ ಎತ್ತರವನ್ನಷ್ಟೇ ಅಳೆಯುತ್ತದೆ. ಹಾಗಾಗಿ ಭಿನ್ನರಾಶಿಯಿದ್ದ ಸಾಲಿನಲ್ಲಿ ತೆರೆದ ಆವರಣ ಎತ್ತರವಾಗಿ, ಕೆಳಗೆ ಮುಚ್ಚಿದ್ದು ಕುಳ್ಳಾಗಿ ಉಳಿಯಿತು. ಕಣ್ಣಿಗೆ ಹಿಂಸೆ! ‘ಬಿಗ್‌ಎಲ್’, ‘ಬಿಗ್‌ಆರ್’ ಬಗೆಯ ಆದೇಶಗಳಿಂದ ಎರಡಕ್ಕೂ ಒಂದೇ ಗಾತ್ರವನ್ನು ನಾನೇ ನಿಗದಿಪಡಿಸಿದೆ. ಇವುಗಳ ನಡುವೆ ಸಾಲು ಮುರಿದರೂ ಲೇಟೆಕ್ ತಕರಾರು ಮಾಡುವುದಿಲ್ಲ.

ಕೂಡು, ಕಳೆ ಚಿಹ್ನೆಗಳ ಮುಂಚೆಯೇ ಮುರಿಯಿರಿ ಎಂದವರ ಮಾತು ನೂರಕ್ಕೆ ನೂರು ಸರಿ. ಹೊಸ ಸಾಲು ಚಿಹ್ನೆಯಿಂದ ಶುರುವಾದರೆ ಅದು ಮುಂದುವರಿಕೆ ಎಂದು ಓದುಗರಿಗೆ ತಟ್ಟನೆ ತಿಳಿಯುತ್ತದೆ. ಆವರಣದೊಳಗೆ ಮುರಿದ ಸಾಲನ್ನು ಮಾತ್ರ ಒಂದು ‘ಕ್ವಾಡ್’ನಷ್ಟು (ಲೇಟೆಕ್‌ನ ಒಂದು ನಿಗದಿತ ಅಗಲದ ಖಾಲಿ ಜಾಗ) ಒಳಕ್ಕೆ ಸರಿಸಿದ್ದೇನೆ. ಮುಂದಿನ ಅಧ್ಯಾಯದ ಸಮೀಕರಣಗಳಿಗೂ ಇದೇ ಕ್ರಮ ಅನುಸರಿಸುತ್ತಿದ್ದೇನೆ.