ಸಹಾಯ ಬೇಕು: ಸಾಕುಗಿಳಿಗಳಿಗೆ ಹಣ್ಣಿನ ಬೀಜ ಕೊಡುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಧಾರವಾಡದ ನಮ್ಮ ಮನೆಯಲ್ಲಿ ಒಂದು ಜೋಡಿ ಕಾಕಟೀಲ್ ಗಿಳಿಗಳಿವೆ. ಇವು ಆಸ್ಟ್ರೇಲಿಯಾ ಮೂಲದವು; ನಮ್ಮ ನಾಡಿನ ಹಸಿರು ಗಿಳಿಗಳನ್ನು ಪಂಜರದಲ್ಲಿಡುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವಕಾಶ ಕೊಡುವುದಿಲ್ಲ.

ನವಲೂರಿನ ಪೇರು ಹಣ್ಣಿನ ಹೋಳು ಕೊಟ್ಟರೆ ಅವು ತಿರುಳನ್ನು ಬಿಟ್ಟು, ಬೀಜವನ್ನೇ ಹೆಕ್ಕಿ, ನಾಲಗೆಯಲ್ಲಿ ಹೊರಳಿಸಿ, ಕಟಕಟನೆ ಒಡೆದು ತಿನ್ನುತ್ತವೆ. ಪೇರು, ಪಪ್ಪಾಯಿ, ದಾಳಿಂಬೆ, ಕಲ್ಲಂಗಡಿ ಬೀಜಗಳ ಬಗ್ಗೆ ನನಗೆ ಚಿಂತೆಯಿಲ್ಲ. ಚಿಂತೆ ಇರುವುದು ಸೇಬು ಮತ್ತು ಸೀತಾಫಲದ್ದು. ಸೇಬಿನ ಬೀಜದಲ್ಲಿ ಅಮಿಗ್ಡಲಿನ್ ಎಂಬ ಅಂಶವಿದ್ದು, ಬೀಜ ಒಡೆದಾಗ ಅದರಿಂದ ಸಯನೈಡ್ ಹುಟ್ಟುತ್ತದೆ. ಗಿಳಿಯಂತೂ ಬೀಜವನ್ನು ಒಡೆಯದೆ ನುಂಗುವುದಿಲ್ಲ, ಮೇಲಾಗಿ ಕಾಕಟೀಲಿನ ತೂಕ ನೂರು ಗ್ರಾಂ ಆಸುಪಾಸು ಮಾತ್ರ. ಸೀತಾಫಲದ ಬೀಜವನ್ನು ಅರೆದು ಹೇನು ಕೊಲ್ಲಲು ಬಳಸುತ್ತಿದ್ದರೆಂದ ಮೇಲೆ ಅದರ ವಿಷದ ಬಗ್ಗೆ ಬೇರೆ ಹೇಳಬೇಕಿಲ್ಲ. ಇವೆರಡರ ಬೀಜ ತೆಗೆದೇ ಕೊಡುತ್ತೇವೆ. ಆದರೆ ಮನೆಗೆ ಬಂದ ಮಕ್ಕಳು ಪ್ರೀತಿಯಿಂದ ಪಂಜರದೊಳಗೆ ಏನನ್ನಾದರೂ ಇಟ್ಟುಬಿಡುತ್ತಾರೆ ಎಂಬ ಅಂಜಿಕೆ ಸದಾ ಇದೆ.

ಚಿಕ್ಕು ಮತ್ತು ಬಾರೆ ಹಣ್ಣಿನ ಬೀಜಗಳನ್ನು ನಿಮ್ಮಲ್ಲಿ ಯಾರಾದರೂ ಗಿಳಿಗಳಿಗೆ ಕೊಟ್ಟಿದ್ದೀರಾ? ಅಕಸ್ಮಾತ್ ವಿಷದ ಬೀಜ ತಿಂದರೆ, ವೈದ್ಯರ ಬಳಿ ತಲುಪುವವರೆಗೆ ಮನೆಯಲ್ಲಿ ಏನು ಮಾಡಬೇಕು, ಏನು ಮಾಡಬಾರದು? ಹುಬ್ಬಳ್ಳಿ-ಧಾರವಾಡದಲ್ಲಿ ದನ, ನಾಯಿಗಳ ಜೊತೆಗೆ ಪಕ್ಷಿಗಳನ್ನೂ ನೋಡಿ ಅನುಭವವಿರುವ ಪಶುವೈದ್ಯರು, ಅದರಲ್ಲೂ ಭಾನುವಾರ ಸಿಗುವವರು, ಗೊತ್ತಿದ್ದರೆ ದಯವಿಟ್ಟು ತಿಳಿಸಿ.