ಕಾಲರ್ ಬೋನ್‌ಗೆ ಪ್ಲೇಟ್ ಹಾಕಿ ಐದು ವಾರ: ನಂದಿ ಹತ್ತೋದು ಯಾವಾಗ, ಇಳಿಯೋದು ಯಾವಾಗ?

ತಪ್ಪಲು_ಸವಾರ (ಚಿಕ್ಕಬಳ್ಳಾಪುರ):
ಎಲ್ಲರಿಗೂ ನಮಸ್ಕಾರ. ನಮ್ಮ ಕ್ಲಬ್ಬಿನ ಹುಡುಗ, 21 ವರ್ಷ, 60 ಕೆಜಿ, ಸೈಕಲ್ ರೋಡ್ ರೇಸ್ ಓಡಿಸ್ತಾನೆ. ಇಳಿಜಾರಿನ ತಿರುವಲ್ಲಿ ಮುಂದಿನ ಚಕ್ರ ಜಾರಿ ಎಡಭುಜದ ಮೇಲೆ ಬಿದ್ದ. ಕಾಲರ್ ಬೋನ್ ನಡುಭಾಗದಲ್ಲಿ ಮುರಿದಿತ್ತು. ಪ್ಲೇಟ್ ಇಟ್ಟು ಏಳು ಸ್ಕ್ರೂ ಹಾಕಿದ್ದಾರೆ. ಇವತ್ತಿಗೆ ಐದು ವಾರ. ಟ್ರೈನರ್ (ಸೈಕಲ್ ನಿಂತಲ್ಲೇ ತುಳಿಯೋ ಸ್ಟ್ಯಾಂಡ್) ಮೇಲೆ ದಿನಾ ಒಂದು ಗಂಟೆ ತುಳೀತಿದ್ದಾನೆ. ನೋವೇ ಇಲ್ಲ, ಬರೋ ಭಾನುವಾರ ನಂದಿ ಬೆಟ್ಟ ಹತ್ತೇ ಹತ್ತುತೀನಿ ಅಂತ ಹಟ ಹಿಡಿದಿದ್ದಾನೆ. ಬಿದ್ದಿದ್ದಕ್ಕೆ ಮುಂಚೆ ಎಫ್‌ಟಿಪಿ (ಸುಮಾರು ಒಂದು ಗಂಟೆ ಎಳೆಯಬಲ್ಲ ಗರಿಷ್ಠ ಶಕ್ತಿ) 265 ವಾಟ್ ಇತ್ತು. ಆಯ್ಕೆ ರೇಸ್‌ಗೆ ಇನ್ನು ಒಂಬತ್ತು ವಾರ ಇದೆ. ರಸ್ತೆಗೆ ಯಾವಾಗ ಬಿಡಬಹುದು? ಅದೇ ಸೈಕಲ್ ಕೊಡಬಹುದಾ, ಕಾರ್ಬನ್ ಫೋರ್ಕ್ (ಮುಂದಿನ ಚಕ್ರ ಹಿಡಿಯೋ ಕವೆ) ಇದೆ?

ಕೀಲು_ಸ್ನಾಯು (ಫಿಸಿಯೋ):
ನೋವಿಲ್ಲ ಅನ್ನೋದನ್ನ ನಂಬಿ ಹೊರಡಬೇಡಿ. ಪ್ಲೇಟ್ ಅಂದ್ರೆ ಒಳಗಡೆ ಕಟ್ಟಿದ ದಬ್ಬೆ. ಎರಡು ತುಂಡು ಅಲುಗಾಡದ ಹಾಗೆ ಹಿಡಿದಿರುತ್ತೆ, ಅದಕ್ಕೇ ನೋವು ಬೇಗ ಹೋಗುತ್ತೆ. ಮೂಳೆ ಕೂಡೋದಕ್ಕೆ ಮಾತ್ರ ಅದರದೇ ಸಮಯ ಬೇಕು, ಸಾಮಾನ್ಯವಾಗಿ 6ರಿಂದ 12 ವಾರ. ಅಲ್ಲಿವರೆಗೆ ಭಾರವನ್ನೆಲ್ಲ ಲೋಹ ಹೊರುತ್ತೆ. ಮೂಳೆ ಕೂಡದೆ ಹೋದ್ರೆ ದಿನಾ ಸಣ್ಣ ಸಣ್ಣ ಕುಲುಕಿಗೇ ಸ್ಕ್ರೂ ಸಡಿಲ ಆಗಬಹುದು, ಪ್ಲೇಟೇ ಬಳಲಿ ಮುರೀಬಹುದು.

ರಸ್ತೆಗೆ ಬಿಡೋದಕ್ಕೆ ಮುಂಚೆ ಇಷ್ಟು ನೋಡಿ. ಆರು ವಾರದ ಎಕ್ಸ್‌ರೇಯಲ್ಲಿ ಮುರಿದ ಗೆರೆ ಮಸುಕಾಗಿದೆ ಅಂತ ಆಪರೇಷನ್ ಮಾಡಿದ ಡಾಕ್ಟರೇ ಹೇಳಬೇಕು. ಕೈ ಪೂರ್ತಿ ಮೇಲೆತ್ತಿದಾಗ ತೋಳು ಕಿವಿಗೆ ತಾಗಬೇಕು, ಭುಜ ಕುಗ್ಗಿಸಿ ಮೋಸದಿಂದ ಎತ್ತೋದು ಲೆಕ್ಕಕ್ಕಿಲ್ಲ. ಪುಷ್‌ಅಪ್ ಮೊದಲು ಗೋಡೆಗೆ, ಆಮೇಲೆ ಟೇಬಲ್‌ಗೆ, ಕೊನೆಗೆ ನೆಲಕ್ಕೆ. ಟೇಬಲ್ ಮೇಲೆ 15 ಸಲ ಎಡಭುಜ ನಡುಗದೆ ಬಂದ್ರೆ ಹ್ಯಾಂಡಲ್ ಹಿಡಿಯೋ ಮಟ್ಟಿಗೆ ಬಲ ಬಂದಿದೆ ಅಂತ ಅರ್ಥ. ಇದನ್ನೂ ಡಾಕ್ಟರ್ ಒಪ್ಪಿದ ಮೇಲೇ ಶುರು ಮಾಡಿ.

ಗಾಯದ ಕೆಳಗೆ, ಎದೆಯ ಮೇಲ್ಭಾಗದಲ್ಲಿ ಅಂಗೈಯಗಲ ಜಾಗ ಜೋಮು ಹಿಡಿದ ಹಾಗಿದ್ರೆ ಗಾಬರಿ ಬೇಡ. ಕೊಯ್ಯುವಾಗ ಚರ್ಮದ ಸಣ್ಣ ನರಗಳಿಗೆ ಪೆಟ್ಟು ಬೀಳೋದು ಮಾಮೂಲು. ಆದ್ರೆ ಬೆರಳುಗಳಲ್ಲಿ ಜೋಮು ಬಂದ್ರೆ, ಗಾಯ ಕೆಂಪಾಗಿ ಸೋರಿದ್ರೆ, ಅವತ್ತೇ ಡಾಕ್ಟರ ಹತ್ತಿರ ಹೋಗಿ. ಬಿಬ್ ಶಾರ್ಟ್ಸ್‌ನ ಭುಜದ ಮೇಲೆ ಬರೋ ಪಟ್ಟಿ ಸರಿಯಾಗಿ ಪ್ಲೇಟ್ ಮೇಲೇ ಉಜ್ಜುತ್ತೆ, ಅಲ್ಲಿಗೆ ಮೆತ್ತನೆ ಬಟ್ಟೆ ಇಡಿ. ನಮ್ಮ ಕಡೆ ಮನೇಲಿ ದೊಡ್ಡವರು ಪುತ್ತೂರು ಕಟ್ಟು ಹಾಕಿಸಿ, ಎಣ್ಣೆ ತಿಕ್ಕಿಸಿ ಅಂತಾರೆ. ಪ್ಲೇಟ್ ಇರೋ ಜಾಗ ತಿಕ್ಕಿಸಲೇಬೇಡಿ.

ಸ್ಪೋಕ್_ಸರಿ (ಸೈಕಲ್ ರಿಪೇರಿ):
ಸೈಕಲ್ ವಿಷಯ ನಾನು ಹೇಳ್ತೀನಿ. ಮೊದಲು ಸ್ಟೆಮ್ (ಹ್ಯಾಂಡಲನ್ನ ಫೋರ್ಕಿಗೆ ಸೇರಿಸೋ ತುಂಡು) ಬಿಚ್ಚಿ, ಫೋರ್ಕ್ ಪೂರ್ತಿ ಹೊರಗೆ ತೆಗೀರಿ. ಸ್ಟೀರರ್ ಟ್ಯೂಬನ್ನ (ಫೋರ್ಕಿನ ಮೇಲಿನ ಕೊಳವೆ) ಸ್ಪಿರಿಟ್ ಹಾಕಿ ಒರೆಸಿ, ಸ್ಟೆಮ್ ಕಚ್ಚಿದ ಜಾಗ, ಕೆಳಗಡೆ ಬೇರಿಂಗ್ ಕೂರೋ ಜಾಗ ಎರಡನ್ನೂ ಟಾರ್ಚ್ ಹಾಕಿ ನೋಡಿ. ಉಗುರು ಸವರಿದಾಗ ತಡೆದ್ರೆ ಅದು ಬಣ್ಣದ ಗೀರಲ್ಲ, ಬಿರುಕು. ಹ್ಯಾಂಡಲ್ ಹುಡ್ (ಬ್ರೇಕ್ ಲಿವರ್‌ನ ರಬ್ಬರ್ ಹಿಡಿ) ಒಳಕ್ಕೆ ತಿರುಗಿದ್ರೆ ಟೇಪ್ ಬಿಚ್ಚಿ, ಕ್ಲಾಂಪ್ ಕಚ್ಚಿದ ಕಡೆ ನೋಡಿ. ಅನುಮಾನ ಬಂದ್ರೆ ಹ್ಯಾಂಡಲ್ ಬದಲಾಯಿಸಿ. ಹೆಲ್ಮೆಟ್ ನೆಲಕ್ಕೆ ಬಡಿದಿದ್ರೆ ಹೊಸದೇ ತಗೋಬೇಕು, ಒಳಗಿನ ಥರ್ಮೋಕೋಲ್ ಒಂದು ಸಲ ಅಮುಕಿದ್ರೆ ಮತ್ತೆ ಪೆಟ್ಟು ತಡೆಯಲ್ಲ.

ಎಡಕ್ಕೆ ಬಿದ್ದಿದ್ರೂ ಬಲಗಡೆ ಇರೋ ಡಿರೇಲರ್ (ಗೇರ್ ಬದಲಿಸೋ ಭಾಗ) ಹ್ಯಾಂಗರ್ ನೋಡಿ, ಬಿದ್ದ ಮೇಲೆ ಸೈಕಲ್ ಉರುಳಿರುತ್ತೆ. ಹ್ಯಾಂಗರ್ ಒಳಕ್ಕೆ ಬಾಗಿದ್ರೆ ಸ್ಟ್ಯಾಂಡ್ ಮೇಲೆ ಗೇರ್ ಚೆನ್ನಾಗೇ ಬೀಳುತ್ತೆ. ಏರಿನಲ್ಲಿ ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ ಹಾಕಿ ಜೋರಾಗಿ ತುಳಿದಾಗ ಮಾತ್ರ ಡಿರೇಲರ್ ಸ್ಪೋಕ್ ಒಳಗೆ ಹೋಗುತ್ತೆ.

ಸ್ಟೆಮ್ ಮೈನಸ್ 6 ಡಿಗ್ರಿ ಇದ್ರೆ ತಿರುವಿ ಹಾಕಿ. 100 ಮಿಮೀ ಸ್ಟೆಮ್‌ನಲ್ಲಿ ಹ್ಯಾಂಡಲ್ ಸುಮಾರು 20 ಮಿಮೀ ಮೇಲೆ ಬರುತ್ತೆ, ಕೈ ಮೇಲಿನ ಭಾರ ಕಡಿಮೆ ಆಗುತ್ತೆ. ಮೊದಲು ಮೇಲಿನ ಕ್ಯಾಪ್ ಬಿಗಿ ಮಾಡಿ ಅಲುಗಾಟ ತೆಗೀರಿ, ಆಮೇಲೆ ಪಕ್ಕದ ಎರಡು ಬೋಲ್ಟ್ ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಸ್ಟೆಮ್ ಮೇಲೆ ಬರೆದಿರೋ ಟಾರ್ಕ್ ದಾಟಬೇಡಿ, ಹೆಚ್ಚಿನವು 5 ನ್ಯೂಟನ್ ಮೀಟರ್. ಫ್ರೇಮಲ್ಲಿ ಜಾಗ ಇದ್ರೆ 28 ಮಿಮೀ ಟಯರ್ ಹಾಕಿ, 60 ಕೆಜಿ ಹುಡುಗನಿಗೆ 60–65 ಪಿಎಸ್‌ಐ ಸಾಕು. 25ರ ಟಯರ್‌ಗೆ 100 ಪಿಎಸ್‌ಐ ತುಂಬಿಸಿದ್ರೆ ಪ್ರತಿ ಹಂಪೂ ನೇರ ಭುಜಕ್ಕೆ ಬಡಿಯುತ್ತೆ.

ಏರು_ಗಡಿಯಾರ (ಕೋಚ್):
265 ಮರೆತುಬಿಡಿ. ತುಳಿಯೋದು ನಿಂತ ಮೊದಲ ವಾರದಿಂದಲೇ ರಕ್ತದ ದ್ರವ ಕಡಿಮೆ ಆಗುತ್ತೆ, ಅದೇ ವಾಟ್‌ಗೆ ಎದೆಬಡಿತ ಜಾಸ್ತಿ ಓಡುತ್ತೆ. ಹೊಸದಾಗಿ ಟೆಸ್ಟ್ ಮಾಡಿ: ಸೀಟ್ ಮೇಲೇ ಕೂತು, ಕೈ ಮೇಲೆ ಭಾರ ಹಾಕದೆ 20 ನಿಮಿಷ, ಬಂದ ಸರಾಸರಿಗೆ 0.95 ಗುಣಿಸಿ. 245 ಬಂದ್ರೆ ಎಫ್‌ಟಿಪಿ 233. ಎಷ್ಟು ಜೋರಾಗಿ ತುಳೀಬೇಕು ಅನ್ನೋ ಈಗಿನ ವಲಯಗಳು ಅದರಿಂದಲೇ.

ಆರನೇ ವಾರ ಟ್ರೈನರ್ ಮಾತ್ರ, ಒಟ್ಟು 7 ಗಂಟೆ, ಅದರಲ್ಲಿ ಎರಡು ದಿನ 3 ಸಲ 10 ನಿಮಿಷ ಎಫ್‌ಟಿಪಿಯ 88–92 ಶೇಕಡಾದಲ್ಲಿ. ಡಾಕ್ಟರ್ ಒಪ್ಪಿದ್ರೆ ಏಳನೇ ವಾರ ಸಮತಟ್ಟು ರಸ್ತೆ, ಒಬ್ಬನೇ, ಬೆಳಕು ಚೆನ್ನಾಗಿ ಬಿದ್ದ ಮೇಲೆ, ಗುಂಪಲ್ಲಿ ಬೇಡ. ಎಂಟನೇ ವಾರ ನಂದಿ. ಭಾನುವಾರ ಅಲ್ಲವೇ ಅಲ್ಲ: ನಸುಕಿಗೇ ಕಾರು, ಬೈಕು ತುಂಬಿರುತ್ತೆ, ಮಂಜಿಗೆ ರಸ್ತೆ ಒದ್ದೆ, ಕೋತಿ ಅಡ್ಡ ಬರುತ್ತೆ. ವಾರದ ಮಧ್ಯೆ ಹೋಗಿ.

ಹತ್ತೋದು ಅಪಾಯ ಅಲ್ಲ, ಇಳಿಯೋದು ಅಪಾಯ. ಹತ್ತುವಾಗ ಭಾರ ಸೀಟ್ ಮೇಲಿರುತ್ತೆ. ಇಳಿಯುವಾಗ ಪ್ರತಿ ತಿರುವಿಗೂ ಬ್ರೇಕ್ ಹಿಡಿದು ಮೈಭಾರ ತೋಳಿಗೆ ಬರುತ್ತೆ, ಎಡಕ್ಕೆ ತಿರುಗುವಾಗ ಅವನು ಬಿದ್ದ ಭುಜದ ಕಡೆಗೇ ವಾಲಬೇಕು. ಭಯಕ್ಕೆ ತೋಳು ಸೆಟೆದುಕೊಂಡ್ರೆ ಸೈಕಲ್ ತಿರುಗಲ್ಲ. ಮೊದಲ ಎರಡು ಸಲ ಹತ್ತಿಸಿ, ಕೆಳಗೆ ಗಾಡೀಲಿ ಕರ್ಕೊಂಡು ಬನ್ನಿ. ಗೇರಲ್ಲಿ ಮುಂದೆ 34, ಹಿಂದೆ 32 ಹಲ್ಲು ಇರಲಿ. 28 ಇದ್ರೆ ಮೇಲಿನ ತಿರುವುಗಳಲ್ಲಿ ಎದ್ದು ನಿಂತು ಹ್ಯಾಂಡಲ್ ಎಳೆದೇ ಎಳೀತಾನೆ. 32 ಹಾಕೋಕೆ ಮುಂಚೆ ಡಿರೇಲರ್ ಅಷ್ಟು ತಗೊಳ್ಳುತ್ತಾ ನೋಡಿ. ಸ್ಪ್ರಿಂಟ್ ಹತ್ತನೇ ವಾರದ ಎಕ್ಸ್‌ರೇ ನೋಡಿ ಆಮೇಲೆ.

ಹುಡುಗ ಡೆನ್ಮಾರ್ಕಿನ ಸೈಕಲ್ ರೇಸರ್ ವಿಂಗೆಗೋರ್ ಉದಾಹರಣೆ ಕೊಡ್ತಾನೆ ಅನ್ಸುತ್ತೆ. 2024ರ ಏಪ್ರಿಲ್ 4ರಂದು ಸ್ಪೇನಿನ ಬಾಸ್ಕ್ ರೇಸಲ್ಲಿ ಬಿದ್ದು ಕಾಲರ್ ಬೋನ್, ಪಕ್ಕೆಲುಬು ಮುರಿದು, ಶ್ವಾಸಕೋಶಕ್ಕೂ ಪೆಟ್ಟಾಗಿ, ಜೂನ್ 29ಕ್ಕೆ ಟೂರ್ ಡಿ ಫ್ರಾನ್ಸ್ ಶುರು ಮಾಡಿ ಎರಡನೇ ಸ್ಥಾನ ಬಂದ. ನಿಜ, ಆದ್ರೆ ಅದೂ ಹನ್ನೆರಡು ವಾರ, ಐದಲ್ಲ. ಬೆಲ್ಜಿಯಂನ ರೇಸರ್ ಎವೆನೆಪೂಲ್‌ನೂ ನೋಡಲಿ: 2020ರ ಆಗಸ್ಟ್‌ನಲ್ಲಿ ಇಟಲಿಯ ಲೊಂಬಾರ್ಡಿಯಾ ರೇಸಿನ ಇಳಿಜಾರಲ್ಲಿ ಸೇತುವೆಯಿಂದ ಬಿದ್ದು ಸೊಂಟದ ಮೂಳೆ ಮುರಿದ, ವಾಪಸ್ ಬಂದ ಮೊದಲ ರೇಸೇ 2021ರ ಜಿರೋ (ಇಟಲಿಯ ಮೂರು ವಾರದ ರೇಸ್), ಮೂರನೇ ವಾರದಲ್ಲಿ ಬಿಟ್ಟು ಹೋಗಬೇಕಾಯ್ತು. ಮುಂದಿನ ವರ್ಷ ವುಯೆಲ್ಟಾ (ಸ್ಪೇನಿನ ಅಂಥದೇ ರೇಸ್), ವಿಶ್ವ ಚಾಂಪಿಯನ್‌ಷಿಪ್ ಎರಡೂ ಗೆದ್ದ. ಆಯ್ಕೆ ರೇಸ್‌ಗೆ ಮುಂಚೆ ಒಂದು ಚಿಕ್ಕ ರೇಸ್, ಹಿಂದಿನ ಸಾಲಲ್ಲಿ ಇದ್ದು ಮುಗಿಸೋದಕ್ಕೆ ಅಂತಲೇ ಇಡಿ.

ಕೀಲು_ಸ್ನಾಯು:
ಒಂದು ಮುಖ್ಯ ಮಾತು ಬಿಟ್ಟುಹೋಗಿತ್ತು. ಆಪರೇಷನ್ ಆದ ಮೇಲಿನ ಮಾತ್ರೆ ಚೀಟೀಲಿ ನೋವು ಕಡಿಮೆ ಮಾಡೋ ಟ್ರಾಮಡಾಲ್ ಇದೆಯಾ ನೋಡಿ, ಪ್ಯಾರಾಸಿಟಮಾಲ್ ಜೊತೆ ಸೇರಿಸಿದ ಮಾತ್ರೇಲೂ ಇರುತ್ತೆ. 2024ರ ಜನವರಿ 1ರಿಂದ ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ಅದನ್ನ ರೇಸ್ ಸಮಯದಲ್ಲಿ ನಿಷೇಧಿಸಿದೆ. ಭುಜಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಕೂಡ 2022ರಿಂದ ಹಾಗೇ. ಚೀಟಿ, ಡಿಸ್ಚಾರ್ಜ್ ಕಾಗದ ಎತ್ತಿಡಿ. ಊಟ ಕಡಿಮೆ ಮಾಡಿ ತೂಕ ಇಳಿಸೋದು ಈಗ ಬೇಡ: ದಿನಕ್ಕೆ 100–120 ಗ್ರಾಂ ಪ್ರೋಟೀನ್, ರಾಗಿ ಮುದ್ದೆ ಜೊತೆ ಮೊಟ್ಟೆ, ಬೇಳೆ, ಮೊಸರು.

ತಪ್ಪಲು_ಸವಾರ:
ತುಂಬಾ ಉಪಕಾರ ಆಯ್ತು. ಚೀಟೀಲಿ ಟ್ರಾಮಡಾಲ್ ಇತ್ತು, ಮೂರು ವಾರದ ಹಿಂದೆ ನಿಲ್ಲಿಸಿದ್ದಾನೆ. ಈಗಷ್ಟೇ ಫೋರ್ಕ್ ಹೊರಗೆ ತೆಗೆದ್ವಿ. ಸ್ಟೀರರ್ ಮೇಲೆ, ಸ್ಟೆಮ್‌ನ ಕೆಳಗಿನ ಬೋಲ್ಟ್ ಹತ್ತಿರ ಕೂದಲೆಳೆಯಷ್ಟು ಅಡ್ಡ ಗೆರೆ ಇದೆ, ಉಗುರಿಗೆ ತಡೀತಿದೆ.

ಸ್ಪೋಕ್_ಸರಿ:
ಆ ಫೋರ್ಕ್ ಟ್ರೈನರ್ ಮೇಲೂ ಹಾಕಬೇಡಿ. ಅಡ್ಡ ಗೆರೆ ಅಂದ್ರೆ ನಾರು ತುಂಡಾಗಿದೆ. ಹೊಸ ಫೋರ್ಕ್ ತರೋಕೆ ಮುಂಚೆ ಸ್ಟೀರರ್ ಅಳತೆ, ಕೆಳಗಿನ ಬೇರಿಂಗ್ ಅಳತೆ, ಬ್ರೇಕ್ ಡಿಸ್ಕಾ ರಿಮ್ಮಾ ಬರೀರಿ. ಸ್ಟೀರರ್ ಕತ್ತರಿಸುವಾಗ 20 ಮಿಮೀ ಜಾಸ್ತಿ ಉದ್ದ ಬಿಡಿ, ಹ್ಯಾಂಡಲ್ ಎತ್ತರಕ್ಕೆ ಬೇಕಾಗುತ್ತೆ.