ಸಹಾಯ ಬೇಕು: ಮಾರುತಿ 800ರ ರಬ್ಬರ್ ಬಿರಡೆ ಎಲ್ಲಿ ಸಿಗುತ್ತದೆ?

ಅಪ್ಪನ 2004ರ ಮಾರುತಿ 800 ಈಗ ನಾನು ಓಡಿಸುತ್ತಿದ್ದೇನೆ. ಮೊನ್ನೆ ಮಳೆಯಾದ ಮೇಲೆ ಮ್ಯಾಟ್ ಎತ್ತಿ ನೋಡಿದರೆ ಕೆಳಗೆಲ್ಲ ನೀರು. ತಳದ ತೂತಿಗೆ ಹಾಕುವ ರಬ್ಬರ್ ಬಿರಡೆ ಎರಡು ಮಾಯ! ಒಂದು ಕಡೆ ಯಾರೋ ಎಂ-ಸೀಲ್ ಮೆತ್ತಿದ್ದಾರೆ, ಅದರ ಸುತ್ತ ಆಗಲೇ ತುಕ್ಕು.

ಹಿಂದಿನ ಚಕ್ರಗಳ ಬ್ರೇಕ್ ಬ್ಲೀಡರ್ ನಿಪ್ಪಲ್ (ಬ್ರೇಕ್ ಆಯಿಲ್‌ನಲ್ಲಿ ಸೇರಿದ ಗಾಳಿ ಹೊರಬಿಡುವ ಸ್ಕ್ರೂ) ಮೇಲಿನ ಪುಟ್ಟ ರಬ್ಬರ್ ಟೋಪಿಯೂ ಇಲ್ಲ. ಸುಮ್ನೆ ಬಿಟ್ಟರೆ ಕೆಸರು ತುಂಬಿ ನಿಪ್ಪಲ್ ತುಕ್ಕು ಹಿಡಿಯುತ್ತದೆ, ಮುಂದೆ ಬಿಚ್ಚುವಾಗ ಮುರಿಯಬಹುದು ಅಲ್ವಾ? ಗ್ಯಾರೇಜಿನವರು ‘ಇಷ್ಟಕ್ಕೆಲ್ಲ ಯಾಕ್ ಸಾರ್ ತಲೆ ಕೆಡಿಸ್ಕೋತೀರಾ’ ಅಂದರು.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಇವು ಬಿಡಿಯಾಗಿ ಸಿಗುತ್ತವೆಯೇ? ಬೇರೆ ಕಾರಿನ ಬಿರಡೆ ಹಾಕಿ ನೋಡಿದವರಿದ್ದೀರಾ? ತೂತಿನ ಅಳತೆಗೆ ರಟ್ಟು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಭಾನುವಾರ ಅಂಗಡಿ ತೆರೆದಿರುತ್ತದಾ ಅಂತಲೂ ಹೇಳಿ.